ಸಾಲದಲ್ಲಿ ನಿಮ್ಮ ಹೆಸರಿರುವಾಗ ಸಹಿ ಬೇಡ

ನಿಮ್ಮ ಪತ್ರ ಓದಿ ನಿಮ್ಮ ಅಣ್ಣನ ಮೇಲೆ ನನಗೆ ಸಿಟ್ಟು ಬಂದಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆ ಅಂತ ಮುಂದೆ ಬರುತ್ತದೆ.

ಉಳಿದ ಓದುಗರಿಗಾಗಿ ನಿಮ್ಮ ವಿಷಯ ಚುಟುಕಾಗಿ. ಮದುವೆಯಾಗಿ 11 ವರ್ಷ, ಬೇರೆಯಾಗಿ 2 ವರ್ಷ. ಒಂಬತ್ತು ವರ್ಷದ ಮಗಳು ನಿಮ್ಮ ಜೊತೆಗಿದ್ದಾಳೆ. ಇಬ್ಬರೂ ಒಪ್ಪಿ ಡೈವೋರ್ಸ್ ತಗೊಳ್ಳುತ್ತಿದ್ದೀರಿ. ಫ್ಲ್ಯಾಟ್ ಗಂಡನಿಗೆ, ಒಂದಿಷ್ಟು ಹಣ ನಿಮಗೆ. ಇಬ್ಬರಿಗೂ ಸೇರಿ ಒಬ್ಬರೇ ವಕೀಲರು, ಅವರು ನಿಮ್ಮ ಅಣ್ಣನ ಸ್ನೇಹಿತರು. ಸೋಮವಾರ ರಾಜಿ ಪತ್ರಕ್ಕೆ ಸಹಿ. ನೀವು ಕೇಳಿದ ಪ್ರಶ್ನೆ ಒಂದೇ: "ನನ್ನ ಒಡವೆ ಅತ್ತೆಯ ಲಾಕರಿನಲ್ಲಿದೆ. ಕೇಳಲೋ, ಸುಮ್ನೆ ಬಿಟ್ಟುಬಿಡಲೋ?"

ಕೇಳಿ. ತವರಿನವರು ನಿಮಗೆ ಹಾಕಿದ ಒಡವೆ ಸ್ತ್ರೀಧನ, ಅದು ನಿಮ್ಮದು. ಗಂಡನ ಮನೆಯವರ ಹತ್ತಿರ ಇದ್ದ ಮಾತ್ರಕ್ಕೆ ಅವರದ್ದಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಪಟ್ಟಿ ಮಾಡಿ ರಾಜಿ ಪತ್ರಕ್ಕೆ ಸೇರಿಸಿ.

ಆದರೆ ನನ್ನನ್ನು ಕಾಡಿದ್ದು ಒಡವೆಯಲ್ಲ. ಪತ್ರದ ಕೊನೆಯಲ್ಲಿ, ನಮಸ್ಕಾರಕ್ಕೆ ಮುಂಚೆ, ಒಂದು ಸಾಲು ಬರೆದಿದ್ದೀರಿ: "ಹೋಮ್ ಲೋನಿನಲ್ಲಿ ನನ್ನ ಹೆಸರೂ ಇದೆ, ಆದರೆ ಇನ್ನು ಮುಂದೆ ಕಂತು ಅವರೇ ಕಟ್ಟುತ್ತಾರೆ ಅಂತ ಅಗ್ರಿಮೆಂಟಿನಲ್ಲಿ ಹಾಕಿದ್ದಾರೆ, ಅದೇನು ತೊಂದರೆ ಇಲ್ಲ."

ತೊಂದರೆ ಇರುವುದೇ ಅಲ್ಲಿ. ರಾಜಿ ಪತ್ರ ನಿಮ್ಮಿಬ್ಬರ ನಡುವಿನ ಮಾತು. ಬ್ಯಾಂಕ್ ಅದಕ್ಕೆ ಸಹಿ ಹಾಕಿಲ್ಲ. ಇಬ್ಬರು ಸೇರಿ ಸಾಲ ಮಾಡಿದರೆ ಪೂರ್ತಿ ಬಾಕಿಯನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ವಸೂಲಿ ಮಾಡಬಹುದು. 1872ರ ಕರಾರು ಕಾಯ್ದೆಯಿಂದಲೂ ಇರುವ ನಿಯಮ ಇದು. ಹಾಗಾದರೆ ನಿಮ್ಮ ಸ್ಥಿತಿ ಏನಾಗುತ್ತದೆ ನೋಡಿ. ಮನೆಯ ಹಕ್ಕು ಬಿಟ್ಟುಕೊಟ್ಟಿರುತ್ತೀರಿ, ಸಾಲ ಮಾತ್ರ ನಿಮ್ಮ ಹೆಸರಿನಲ್ಲೂ ಉಳಿದಿರುತ್ತದೆ. ನಾಳೆ ಅವರ ಕೆಲಸ ಹೋಯಿತು, ಕಂತು ತಪ್ಪಿತು ಅಂದುಕೊಳ್ಳಿ. ಬ್ಯಾಂಕಿನ ನೋಟಿಸ್ ನಿಮಗೂ ಬರುತ್ತದೆ. ಸಿಬಿಲ್ ಸ್ಕೋರ್ ನಿಮ್ಮದೂ ಬೀಳುತ್ತದೆ. ಮಗಳ ಓದಿಗೆ ಸಾಲ ಕೇಳಲು ಹೋದಾಗ ಗೊತ್ತಾಗುತ್ತದೆ. ಆಗ ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ ಹಿಡಿದು, ಅದನ್ನು ಜಾರಿ ಮಾಡಿಸಿ ಎಂದು ಅವರ ಮೇಲೆ ಅಮಲ್ಜಾರಿ ಅರ್ಜಿ ಹಾಕಬಹುದು, ನಿಜ. ಆದರೆ ಅಲ್ಲಿಯವರೆಗೆ ಬ್ಯಾಂಕ್ ಕಾಯುವುದಿಲ್ಲ.

"ಎಲ್ಲ ಜಡ್ಜ್ ನೋಡಿಕೊಳ್ಳುತ್ತಾರೆ" ಎಂದು ಅಣ್ಣ ಹೇಳಿದ್ದಾರಂತೆ. ಇಷ್ಟು ಅಪಾಯದ ಸಮಾಧಾನ ಇನ್ನೊಂದಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಇಬ್ಬರೂ ಒಪ್ಪಿ ಬಂದಾಗ ನ್ಯಾಯಾಲಯ ಮುಖ್ಯವಾಗಿ ನೋಡುವುದು ಒಪ್ಪಿಗೆ ನಿಜವೇ, ಬಲವಂತ ಅಥವಾ ಮೋಸ ಇದೆಯೇ ಎಂದು. ನಿಮ್ಮ ಲೆಕ್ಕ ಸರಿಯಿದೆಯೇ ಎಂದು ಅಲ್ಲಿ ಯಾರೂ ಕೂಡಿಸಿ ಕಳೆಯುವುದಿಲ್ಲ. ಜಗಳವಾಡಿ ಜೀವನಾಂಶ ಕೇಳಿದ್ದರೆ ಇಬ್ಬರೂ ಆದಾಯ, ಆಸ್ತಿ, ಸಾಲ ಎಲ್ಲವನ್ನೂ ಅಫಿಡವಿಟ್ ಹಾಕಿ ತೋರಿಸಬೇಕಿತ್ತು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಡ್ಡಾಯ ಮಾಡಿದೆ. ಒಪ್ಪಿಗೆಯ ದಾರಿಯಲ್ಲಿ ಅದನ್ನು ನೀವೇ ಬಾಯಿಬಿಟ್ಟು ಕೇಳಬೇಕು. ಇಬ್ಬರಿಗೆ ಒಬ್ಬರೇ ವಕೀಲರಾದರೆ ನಿಮ್ಮ ಪರವಾಗಿ ಕೇಳುವವರು ಯಾರು? ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಇನ್ನೊಮ್ಮೆ ಬರೆಯುತ್ತೇನೆ: ಎಷ್ಟೇ ಸೌಹಾರ್ದವಿರಲಿ, ನಿಮ್ಮ ವಕೀಲರು ನಿಮಗೆ ಮಾತ್ರ ವಕೀಲರಾಗಿರಬೇಕು.

ಅರ್ಜಿ ಹಾಕಿದ ಮೇಲೆ ಎರಡನೇ ಸಲ ಜಡ್ಜ್ ಮುಂದೆ ಬರುವವರೆಗಿನ ಆರು ತಿಂಗಳ ಕಾಯುವ ಅವಧಿಯನ್ನೂ ಮಾಫಿ ಮಾಡಿಸೋಣ ಎಂದು ಅಣ್ಣನ ಸ್ನೇಹಿತರು ಹೇಳುತ್ತಿದ್ದಾರೆ. ಮಾಡಿಸಬಹುದು. 2017ರ ತೀರ್ಪಿನ ಪ್ರಕಾರ ಆ ಅವಧಿ ಕಡ್ಡಾಯವಲ್ಲ. ಆದರೆ ಅದೇ ತೀರ್ಪು ಜೀವನಾಂಶ, ಮಗುವಿನ ವಿಷಯ, ಬಾಕಿ ವ್ಯವಹಾರ ಎಲ್ಲವೂ ನಿಜವಾಗಿ ಇತ್ಯರ್ಥ ಆಗಿರಬೇಕು ಎನ್ನುತ್ತದೆ. ನಿಮ್ಮದು ಇತ್ಯರ್ಥ ಆಗಿಲ್ಲ. ಆ ಆರು ತಿಂಗಳು ನಿಮಗೆ ಬೇಕು. ನಿಮ್ಮ ಗಂಡ ಸಾಲವನ್ನು ತಮ್ಮೊಬ್ಬರ ಹೆಸರಿಗೆ ಮಾಡಿಸಿಕೊಳ್ಳಲು ಸಿಗುವ ಕಾಲ ಅದು. ಅವರ ಸಂಬಳ ನೋಡಿ ಬ್ಯಾಂಕ್ ಒಪ್ಪದಿದ್ದರೆ ಫ್ಲ್ಯಾಟ್ ಮಾರಿ ಸಾಲ ತೀರಿಸಬೇಕಾದೀತು. ಅದು ಈಗಲೇ ಗೊತ್ತಾಗಲಿ.

ನಿಮ್ಮ ಗಂಡನ ಬಗ್ಗೆ ನನಗೆ ಜಾಸ್ತಿ ದೂರಿಲ್ಲ. ಈವರೆಗೆ ಒಂದು ಕಂತೂ ತಪ್ಪಿಸಿಲ್ಲ ಎಂದು ನೀವೇ ಬರೆದಿದ್ದೀರಿ. ಅವರು ಮೋಸ ಮಾಡುತ್ತಾರೆ ಅಂತಲ್ಲ, ಅವರಿಗೂ ಕಷ್ಟ ಬರಬಹುದು. ಅಣ್ಣನ ವಿಷಯ ಬೇರೆ. "ಮನೆ ಮರ್ಯಾದೆ ಹೋಗುತ್ತೆ, ಸಹಿ ಹಾಕಿ ಮುಗಿಸು" ಅನ್ನುವವರು ನಾಳೆ ನಿಮ್ಮ ಕಂತು ಕಟ್ಟುತ್ತಾರಾ? ಅವರಿಗೆ ಬೇಕಿರುವುದು ಈ ವಿಷಯ ಬೇಗ ಮುಗಿಯುವುದು. ನಿಮಗೆ ಬೇಕಿರುವುದು ಸರಿಯಾಗಿ ಮುಗಿಯುವುದು. "ಮಗಳ ಖರ್ಚಿಗೆ ಮುಂದೆ ಏನೂ ಕೇಳುವುದಿಲ್ಲ" ಎಂಬ ಸಾಲು ಕೂಡ ಅವರ ಸಲಹೆಯಂತೆ. ತೆಗೆಸಿ. ಅದು ಮಗಳ ಹಕ್ಕು, ಬಿಟ್ಟುಕೊಡಲು ನಿಮಗೂ ಅಧಿಕಾರವಿಲ್ಲ.

ನಾನು ಹೇಳುವುದು ಇಷ್ಟೇ, ಮತ್ತು ಇದನ್ನು ಮಾಡಲೇಬೇಕು. ಸೋಮವಾರ ಸಹಿ ಹಾಕಬೇಡಿ. ಬೇರೆ ವಕೀಲರನ್ನು ನೋಡಿ ರಾಜಿ ಪತ್ರಕ್ಕೆ ಒಂದು ಷರತ್ತು ಸೇರಿಸಿ: ಸಾಲದಿಂದ ನಿಮ್ಮನ್ನು ಬಿಡುಗಡೆ ಮಾಡಿದ ಬ್ಯಾಂಕಿನ ಪತ್ರ ಕೈಗೆ ಬಂದ ಮೇಲೆಯೇ ಫ್ಲ್ಯಾಟಿನ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತೀರಿ, ಎರಡನೇ ಸಲ ಜಡ್ಜ್ ಮುಂದೆ ನಿಲ್ಲುವುದು ಅದಾದ ಮೇಲೆಯೇ. ಡಿಕ್ರಿ ಆಗುವವರೆಗೂ ಇಬ್ಬರ ಒಪ್ಪಿಗೆ ಉಳಿದಿರಬೇಕು ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದೆ. ಹಾಗಾಗಿ ಅಲ್ಲಿಯವರೆಗೆ ನಿಮ್ಮ ಮಾತಿಗೆ ಬೆಲೆ ಇದೆ. ಅಣ್ಣ ಫೋನ್ ಮಾಡಿದರೆ "ವಕೀಲರ ಹತ್ತಿರ ಮಾತಾಡ್ತಿದ್ದೀನಿ" ಅಂತಷ್ಟೇ ಹೇಳಿ.