ಆಳುವವರು ಕಲೆಯ ಮೂಲಕ ಜನರ ತಿಳಿವಳಿಕೆಯನ್ನು ಹತೋಟಿಯಲ್ಲಿಡುವುದು ಹೇಗೆ?

ನಿಷೇಧ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದಕ್ಕಿಂತ ಗಟ್ಟಿ ಉಪಾಯವೆಂದರೆ, ಖರ್ಚು ಕೊಟ್ಟು ತಮಗೆ ಬೇಕಾದ ಕಥೆಯನ್ನು ಬರೆಸುವುದು.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನವನ್ನೇ ನೋಡಿ. ಐದನೇ ಶತಮಾನದ ಸಂಸ್ಕೃತ ಕಾವ್ಯ, ಬರೆದವನು ಕುಬ್ಜ. ಮುಂದೆ ಕದಂಬ ರಾಜ್ಯ ಕಟ್ಟಿದ ಮಯೂರಶರ್ಮ ಓದಲು ಕಂಚಿಗೆ ಹೋದಾಗ, ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ ಎಂಬ ಕಥೆ ನಮಗೆ ಸಿಕ್ಕಿದ್ದು ಇಲ್ಲಿಂದಲೇ. ಆದರೆ ಇದು ಮಯೂರನ ಕಾಲದ್ದಲ್ಲ. ತಲೆಮಾರುಗಳು ಕಳೆದ ಮೇಲೆ, ಅವನದೇ ವಂಶದ ಶಾಂತಿವರ್ಮನ ಆಳ್ವಿಕೆಯಲ್ಲಿ ಕೆತ್ತಿದ್ದು. ಜಗಳದ ಬಗ್ಗೆ ಪಲ್ಲವರ ಕಡೆಯವರ ಮಾತು ಇದರಲ್ಲಿಲ್ಲ.

ಹಾಗಾಗಿ ಯಾವುದೇ ಶಾಸನ ಓದುವಾಗ ಹೊಗಳಿಕೆಯ ಭಾಗವನ್ನೂ ದಾನದ ಭಾಗವನ್ನೂ ಬೇರೆಬೇರೆಯಾಗಿ ಓದಿ. ಗದ್ದೆಯ ಅಳತೆ, ಎಲ್ಲೆಕಟ್ಟುಗಳಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಕಷ್ಟ, ಊರವರಿಗೆ ಗೊತ್ತಿರುತ್ತದಲ್ಲ! ‘ಶತ್ರುಗಳೆಂಬ ಆನೆಗಳಿಗೆ ಸಿಂಹ’ ಎಂಬಂಥ ಮಾತಿಗೆ ಆ ತಡೆಯಿಲ್ಲ.

ಓದು ಬಾರದವರಿಗೆ ಲಾಂಛನ. ಬಳ್ಳಿಗಾವಿಯ ಕೇದಾರೇಶ್ವರ ಚಾಲುಕ್ಯರ ಕಾಲದ ಗುಡಿ. ಆದರೆ ಅದರ ಮೇಲೆ ಮೃಗವನ್ನು ಇರಿಯುವ ಸಳ, ಅಂದರೆ ಹೊಯ್ಸಳರ ಲಾಂಛನ, ನಿಂತಿದ್ದಾನೆ.

ಇನ್ನು ಕಾಯ್ದೆಯ ಹೆದರಿಕೆ. ಬ್ರಿಟಿಷರ 1876ರ ನಾಟಕ ಪ್ರದರ್ಶನ ಕಾಯ್ದೆಯಲ್ಲಿ, ರಾಜದ್ರೋಹ ಎನಿಸಿದ ಆಟವನ್ನು ನಿಲ್ಲಿಸಬಹುದಿತ್ತು. ಮೀರಿದರೆ 3 ತಿಂಗಳವರೆಗೆ ಜೈಲು, ಅಥವಾ ದಂಡ, ಇಲ್ಲವೇ ಎರಡೂ. ಇಂಥ ಕಾಯ್ದೆಯನ್ನು ದಿನಾ ಬಳಸಬೇಕಾಗಿಲ್ಲ. ಟೆಂಟು ಹಾಕಿ, ಟಿಕೆಟ್ ಮಾರಿದ ಮೇಲೆ ಆಟ ನಿಂತರೆ ನಷ್ಟ ಕಂಪನಿ ಮಾಲೀಕನದ್ದೇ. ಕತ್ತರಿಯನ್ನು ಅವನೇ ಮೊದಲು ಹಾಕುತ್ತಾನೆ.