ಅನಿಲ ಹೆಚ್ಚಿಸಿದರೆ ತೈಲ ಹೆಚ್ಚುವುದೇ?

ಪ್ರಶ್ನೆ: ನಾನು ಕೆಮಿಕಲ್ ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿ. ಮುಂಬಯಿ ಹೈ ತೈಲಕ್ಷೇತ್ರದ ಅನೇಕ ಬಾವಿಗಳೊಳಕ್ಕೆ ಅನಿಲ ಹಾಯಿಸಿ ತೈಲವನ್ನು ಮೇಲೆತ್ತುತ್ತಾರೆಂದು ಓದಿದೆ. ಹಾಗಿದ್ದರೆ ಇನ್ನಷ್ಟು ಅನಿಲ ಹಾಯಿಸಿ ಇನ್ನಷ್ಟು ತೈಲ ಪಡೆಯಬಹುದಲ್ಲವೇ? ಇದಕ್ಕೆ ಸಿಮ್ಯುಲೇಶನ್ (ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ ಲೆಕ್ಕಹಾಕುವುದು) ಏಕೆ ಬೇಕು? ಯಾವ ಸಾಫ್ಟ್‌ವೇರ್ ಕಲಿಯಬೇಕು?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಒಂದು ಮಿತಿಯವರೆಗೆ ಮಾತ್ರ. 1974ರಲ್ಲಿ ಪತ್ತೆಯಾಗಿ 1976ರಲ್ಲಿ ಉತ್ಪಾದನೆ ಆರಂಭಿಸಿದ ಮುಂಬಯಿ ಹೈನಂಥ ಹಳೆಯ ಕ್ಷೇತ್ರದಲ್ಲಿ ಭೂಗರ್ಭದ ಒತ್ತಡ ಕುಗ್ಗಿ, ತೈಲದೊಡನೆ ಬರುವ ನೀರಿನ ಪಾಲು ಏರಿರುವುದರಿಂದ, ಆ ಭಾರದ ದ್ರವವನ್ನು ತಾನಾಗಿ ಮೇಲಕ್ಕೆ ತಳ್ಳುವ ಕಸುವು ಎಷ್ಟೋ ಬಾವಿಗಳಿಗೆ ಇರುವುದಿಲ್ಲ. ಬಾವಿಯ ಹೊರಗವಚವಾದ ಕೇಸಿಂಗ್ ಮತ್ತು ಅದರೊಳಗೆ ತೈಲ ಮೇಲೇರುವ ಟ್ಯೂಬಿಂಗ್ ಕೊಳವೆಗಳ ನಡುವಿನ ಸಂದಿನಲ್ಲಿ ಇಳಿಸಿದ ಅನಿಲವು ವಾಲ್ವಿನ ಮೂಲಕ ಟ್ಯೂಬಿಂಗ್ ಸೇರಿದಾಗ ಮಿಶ್ರಣ ಹಗುರವಾಗಿ, ಬಾವಿಯ ತಳದ ಒತ್ತಡ ಇಳಿದು, ಬಂಡೆಯಿಂದ ತೈಲ ಹೆಚ್ಚು ಹರಿದುಬರುತ್ತದೆ. ಅನಿಲವನ್ನು ಮತ್ತೂ ಏರಿಸುತ್ತ ಹೋದರೆ ಕೊಳವೆಯಲ್ಲಿ ಹರಿವಿನ ವೇಗ ವಿಪರೀತವಾಗಿ, ಘರ್ಷಣೆಯಿಂದಾಗುವ ನಷ್ಟವು ಹಗುರವಾದುದರ ಲಾಭವನ್ನು ನುಂಗಿಹಾಕುತ್ತದೆ. ಉತ್ಪಾದನೆಯ ರೇಖೆ ಚಪ್ಪಟೆಯಾಗಿ, ಬಳಿಕ ಇಳಿಯತೊಡಗುತ್ತದೆ.

ನಿಜವಾದ ತೊಡಕು ಇರುವುದು ಹಂಚಿಕೆಯಲ್ಲಿ. ಅನಿಲವನ್ನು ಒತ್ತಿ ಕಳಿಸುವ ಕಂಪ್ರೆಸರ್ ಕೊಡಬಲ್ಲ ಅನಿಲ ಸೀಮಿತ, ಬಾವಿಗಳು ಹಲವು. ದಿನಕ್ಕೆ 5,000 ಘನ ಮೀಟರ್ ಹೆಚ್ಚುವರಿ ಅನಿಲಕ್ಕೆ ಒಂದು ಬಾವಿ 2 ಘನ ಮೀಟರ್ ತೈಲವನ್ನೂ ಇನ್ನೊಂದು 5 ಘನ ಮೀಟರ್ ತೈಲವನ್ನೂ ಹೆಚ್ಚಾಗಿ ಕೊಡುತ್ತವೆ ಎಂದಿಟ್ಟುಕೊಳ್ಳಿ. ಮೊದಲನೆಯದರ ಪಾಲನ್ನು ತಗ್ಗಿಸಿ ಎರಡನೆಯದಕ್ಕೆ ಕೊಡಬೇಕು, ಎರಡರ ಹೆಚ್ಚುವರಿ ಫಲವೂ ಸಮವಾಗುವವರೆಗೆ. ಎಲ್ಲ ಬಾವಿಗೂ ಸಮಪಾಲು ಎಂಬ ನ್ಯಾಯ ಇಲ್ಲಿ ನಡೆಯದು. ಅಲ್ಲದೆ, ಒಳಹೋದ ಅನಿಲವೆಲ್ಲ ತೈಲದೊಡನೆ, ಇವನ್ನು ಬೇರ್ಪಡಿಸುವ ಸೆಪರೇಟರಿಗೇ ಮರಳಿ ಬರುತ್ತದೆ. ಅಲ್ಲಿಗೆ ಹೋಗುವ ಕೊಳವೆಯಲ್ಲಿ ಒತ್ತಡ ಏರಿದರೆ ಅದೇ ಸಾಲಿನ ಉಳಿದ ಬಾವಿಗಳ ಹರಿವು ಕುಗ್ಗುತ್ತದೆ. ಬಾವಿ, ಕೊಳವೆಜಾಲ, ಸೆಪರೇಟರ್, ಕಂಪ್ರೆಸರ್ ಇವನ್ನೆಲ್ಲ ಒಟ್ಟಿಗೆ ಲೆಕ್ಕಹಾಕಬೇಕಾಗಿ ಬರುವುದರಿಂದಲೇ ಸಿಮ್ಯುಲೇಶನ್ ಬೇಕಾಗುತ್ತದೆ.

ಆದರೆ ಮಾದರಿ ಎಷ್ಟು ಸೊಗಸಾಗಿದ್ದರೂ, ಬಾವಿಗಳನ್ನು ಒಂದೊಂದಾಗಿ ಟೆಸ್ಟ್ ಸೆಪರೇಟರಿಗೆ ತಿರುಗಿಸಿ ತೈಲ, ನೀರು, ಅನಿಲಗಳನ್ನು ಅಳೆದ ಇತ್ತೀಚಿನ ಅಂಕಿಗಳಿಗೆ ಅದು ತಾಳೆಯಾಗದಿದ್ದರೆ ನಾನಂತೂ ಅದನ್ನು ನಂಬುವುದಿಲ್ಲ. ವರ್ಷದ ಹಿಂದಿನ ನೀರಿನ ಪ್ರಮಾಣವನ್ನು ಉಣಿಸಿದ ಮಾದರಿ ಅನಿಲವನ್ನು ತಪ್ಪು ಬಾವಿಗೆ ಕಳಿಸುವ ಸಂಭವವೇ ಹೆಚ್ಚು. ಬಾವಿಯ ಒತ್ತಡವನ್ನು ದಾಖಲಿಸುವ, ಎರಡು ಪೆನ್ನುಗಳ ವೃತ್ತಾಕಾರದ ಚಾರ್ಟಿನಲ್ಲಿ ಕೇಸಿಂಗ್ ಮತ್ತು ಟ್ಯೂಬಿಂಗ್ ಒತ್ತಡಗಳ ಗೆರೆಗಳು ಗರಗಸದ ಹಲ್ಲಿನಂತೆ ಏರಿಳಿಯುತ್ತಿದ್ದರೆ ಬಾವಿ ಬಿಟ್ಟುಬಿಟ್ಟು ಹರಿಯುತ್ತಿದೆ ಎಂದರ್ಥ. ಹರಿವು ಸ್ಥಿರವಾಗಿದೆಯೆಂದು ಭಾವಿಸುವ ಮಾದರಿಗೆ ಇದು ಕಾಣುವುದೇ ಇಲ್ಲ. ಅದಕ್ಕೆ ಕಾಲದೊಂದಿಗೆ ಬದಲಾಗುವ ಹರಿವನ್ನು ಲೆಕ್ಕಹಾಕುವ, ನಾರ್ವೆಯಲ್ಲಿ ರೂಪುಗೊಂಡ ಓಲ್ಗಾದಂಥ ಸಾಫ್ಟ್‌ವೇರ್ ಬೇಕು.

ಕಲಿಕೆಯ ವಿಷಯ: ಬಾವಿ ಮತ್ತು ಕೊಳವೆಗಳಿಗೆ ಪೈಪ್‌ಸಿಮ್ ಅಥವಾ ಪ್ರಾಸ್ಪರ್, ಸೆಪರೇಟರಿನಿಂದಾಚೆಗೆ ಹೈಸಿಸ್ ಬಳಕೆಯಲ್ಲಿವೆ. ಹೈಸಿಸ್‌ನಲ್ಲಿ ನೀವು ಆರಿಸುವ, ಒತ್ತಡ, ಉಷ್ಣತೆ, ಗಾತ್ರಗಳ ಸಂಬಂಧ ಹೇಳುವ ಪೆಂಗ್–ರಾಬಿನ್ಸನ್ ಸಮೀಕರಣ 1976ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಿಂದ ಬಂದದ್ದು. ನಿಮ್ಮ ಥರ್ಮೊಡೈನಮಿಕ್ಸ್ ಪಠ್ಯದಲ್ಲೂ ಅದು ಇದ್ದೀತು. ಇವನ್ನು ತೆರೆಯುವ ಮೊದಲು, ತಳದ ಒತ್ತಡಕ್ಕೆ ತಕ್ಕಂತೆ ಬಾವಿಗೆ ತೈಲ ಹರಿದುಬರುವ ಪ್ರಮಾಣವನ್ನು ಹೇಳುವ ವೋಗೆಲ್‌ನ 1968ರ ಸೂತ್ರವನ್ನು ಎಕ್ಸೆಲ್‌ನಲ್ಲಿ ನೀವೇ ಬಿಡಿಸಿ, ಅದೇ ಹಾಳೆಯಲ್ಲಿ ಟ್ಯೂಬಿಂಗ್‌ನ ರೇಖೆಯನ್ನೂ (ಆ ಹರಿವನ್ನು ಮೇಲೆತ್ತಲು ತಳದಲ್ಲಿ ಬೇಕಾಗುವ ಒತ್ತಡ) ಎಳೆಯಿರಿ. ಎರಡೂ ಕೂಡುವ ಬಿಂದುವೇ ಬಾವಿಯ ಉತ್ಪಾದನೆ. ಅನಿಲದ ಪ್ರಮಾಣ ಬದಲಾಯಿಸಿದಂತೆಲ್ಲ ಆ ಬಿಂದು ಎತ್ತ ಸರಿಯುತ್ತದೆಂದು ಅಲ್ಲೇ ಕಾಣಬಹುದು.