ಓದುಗರ ಪ್ರಶ್ನೆ: ಕರೆದವರೇ ದಣಪೆ ಹಾಕುವುದೇಕೆ?

ಪ್ರಶ್ನೆ: ನಮ್ಮ ಮಗ 2021ರಲ್ಲಿ ಓದಲೆಂದು ಕೆನಡಾಕ್ಕೆ ಹೋದ. ಶಿಕ್ಷಣ ಸಾಲ ಮಾಡುವಾಗ, ಆ ದೇಶ ಎಲ್ಲರನ್ನೂ ಕೈಬೀಸಿ ಕರೆಯುತ್ತದೆ ಎಂದು ಎಲ್ಲರೂ ಧೈರ್ಯ ಹೇಳಿದ್ದರು. ಈಗ ಬಸ್ಸಿನಲ್ಲಿ ಜನ ನೋಡುವ ನೋಟವೇ ಬೇರೆಯಾಗಿದೆ ಎಂದು ಅವನು ಫೋನಿನಲ್ಲಿ ಹೇಳುತ್ತಾನೆ. ಇಷ್ಟು ಬೇಗ ಒಂದು ದೇಶದ ಮನಸ್ಸು ತಿರುಗುವುದುಂಟೇ?
– ಓದುಗರೊಬ್ಬರು, ಕುಮಟಾ

ಉತ್ತರ: ಉಂಟು, ಅಮ್ಮಾ. ನಿಮ್ಮ ಮಗನಿಗೆ ಅನ್ನಿಸಿದ್ದು ಬರಿಯ ಭ್ರಮೆಯಲ್ಲ. ದೇಶಕ್ಕೆ ಬರುವ ವಲಸಿಗರ ಸಂಖ್ಯೆ ಅತಿಯಾಯಿತು ಎನ್ನುವವರು ಎನ್ವಿರಾನಿಕ್ಸ್ ಸಂಸ್ಥೆಯ 2022ರ ಸಮೀಕ್ಷೆಯಲ್ಲಿ ಶೇ. 27ರಷ್ಟಿದ್ದರು, ಮರುವರ್ಷ ಅವರು ಶೇ. 44 ಆದರು, 2024ರಲ್ಲಿ ಶೇ. 58. ಇದರ ನಡುವೆ ನಡೆದದ್ದೇನೆಂದರೆ, 2023ರ ಒಂದೇ ವರ್ಷದಲ್ಲಿ ಕೆನಡಾದ ಜನಸಂಖ್ಯೆ ಶೇ. 3ಕ್ಕೂ ಮಿಕ್ಕಿ ಏರಿತು. 1957ರ ನಂತರ ಅಲ್ಲಿ ಅಂತಹ ಏರಿಕೆ ಆಗಿರಲಿಲ್ಲ. ಬಂದವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು ಮತ್ತು ತಾತ್ಕಾಲಿಕ ಕೆಲಸಗಾರರು. ಅವರು ಬಂದ ವೇಗದಲ್ಲಿ ಮನೆಗಳು ಏಳಲಿಲ್ಲ, ಬಾಡಿಗೆ ಮಾತ್ರ ಏರಿತು. ಸರ್ಕಾರ 2024ರ ಜನವರಿಯಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿತು. ಅಕ್ಟೋಬರಿನಲ್ಲಿ, 2025ಕ್ಕೆ 5 ಲಕ್ಷ ಎಂದು ಸಾರಿದ್ದ ಕಾಯಂ ವಾಸಿಗಳ ಗುರಿಯನ್ನು 3,95,000ಕ್ಕೆ ಇಳಿಸಿತು.

ಇಲ್ಲಿ ಗಮನಿಸಬೇಕಾದದ್ದು, ಬಾಗಿಲು ತೆರೆದ ಪಕ್ಷವೇ ಅದನ್ನು ಮುಚ್ಚಿತು ಎಂಬುದು. ವಲಸೆಯ ವಿರೋಧವನ್ನೇ ಬಂಡವಾಳ ಮಾಡಿಕೊಂಡಿದ್ದ ಪೀಪಲ್ಸ್ ಪಾರ್ಟಿ 2021ರ ಚುನಾವಣೆಯಲ್ಲಿ ಶೇ. 5ರ ಆಸುಪಾಸು ಮತ ಪಡೆದು ಒಂದು ಸ್ಥಾನವನ್ನೂ ಗೆದ್ದಿರಲಿಲ್ಲ. ಜನರ ಅಭಿಪ್ರಾಯ ಬದಲಾಗಲು ಅಬ್ಬರದ ಭಾಷಣಕಾರನೊಬ್ಬ ಬರಲೇಬೇಕೆಂದಿಲ್ಲ. ತಿಂಗಳ ಕೊನೆಗೆ ಬಾಡಿಗೆ ಕಟ್ಟಲು ತಿಣುಕುವವನು ಪಕ್ಕದ ನೆಲಮಾಳಿಗೆಯಲ್ಲಿ ಆರು ಜನ ಹುಡುಗರು ಒಟ್ಟಿಗಿರುವುದನ್ನು ಕಂಡರೆ ಅಷ್ಟೇ ಸಾಕಾಗುತ್ತದೆ.

ಬ್ರಿಟನ್ನಿನ ಕತೆ ಇದಕ್ಕಿಂತ ವಿಚಿತ್ರವಾಗಿದೆ. 2016ರ ಜೂನ್ 23ರಂದು ಶೇ. 51.9 ಮತದಾರರು ಐರೋಪ್ಯ ಒಕ್ಕೂಟದಿಂದ ಹೊರಬರಲು ಒಪ್ಪಿದಾಗ ವಲಸೆಯ ಸಿಟ್ಟು ಅದಕ್ಕೆ ದೊಡ್ಡ ಕಾರಣವಾಗಿತ್ತು. ಆ ಸಿಟ್ಟು ಮುಂದಿನ ನಾಲ್ಕೈದು ವರ್ಷ ಇನ್ನೂ ಹೆಚ್ಚಬೇಕಿತ್ತಲ್ಲವೇ? ಹಾಗಾಗದೆ ಅದು ತಣ್ಣಗಾಯಿತು. ನಿವ್ವಳ ವಲಸೆ, ಅಂದರೆ ಬಂದವರ ಸಂಖ್ಯೆಯಲ್ಲಿ ಹೋದವರನ್ನು ಕಳೆದ ಲೆಕ್ಕ, ಕಡಿಮೆಯಾಯಿತೇ ಎಂದರೆ ಅದೂ ಇಲ್ಲ. 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ಅದು 9 ಲಕ್ಷ ದಾಟಿತ್ತು. ಲಗಾಮು ಈಗ ನಮ್ಮ ಕೈಯಲ್ಲಿದೆ ಎಂಬ ಭಾವನೆಯೇ ಜನರನ್ನು ಕೆಲಕಾಲ ಸಮಾಧಾನದಲ್ಲಿಟ್ಟಿತು ಎಂದು ನನಗೆ ತೋರುತ್ತದೆ. ಆಮೇಲೆ ರಬ್ಬರ್ ದೋಣಿಗಳಲ್ಲಿ ಇಂಗ್ಲಿಷ್ ಕಾಲುವೆ ದಾಟಿ ಬರುವವರ ಚಿತ್ರಗಳು ದಿನವೂ ಟಿ.ವಿ.ಯಲ್ಲಿ ಬರತೊಡಗಿದವು. 2022ರಲ್ಲಿ ಹಾಗೆ ಬಂದವರು 45 ಸಾವಿರಕ್ಕೂ ಹೆಚ್ಚು. ವೀಸಾ ಪಡೆದು ವಿಮಾನದಲ್ಲಿ ಇಳಿದವರ ಮುಂದೆ ಇದು ಚಿಕ್ಕ ಪಾಲಾದರೂ ಜನರ ಮನಸ್ಸು ಮತ್ತೆ ಬಿಗಿಯಿತು. ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ: ನಾವೇ ಬೇಲಿಯ ಬಾಗಿಲಾದ ದಣಪೆಯ ಗಳ ಸರಿಸಿ ಹತ್ತು ಜನ ನೆಂಟರನ್ನು ಒಳಗೆ ಕರೆದರೆ ಬೇಸರವಿಲ್ಲ, ಆದರೆ ಬೆಳಿಗ್ಗೆ ಎದ್ದಾಗ ಗಳ ಕೆಳಗೆ ಬಿದ್ದಿದ್ದು ಅಂಗಳದಲ್ಲಿ ಒಬ್ಬನೇ ಅಪರಿಚಿತ ನಿಂತಿದ್ದರೂ ಎದೆ ಧಸಕ್ಕೆನ್ನುತ್ತದೆ.

ಮನಸ್ಸು ಒಂದೇ ದಿಕ್ಕಿಗೆ ತಿರುಗಿ ಅಲ್ಲೇ ನಿಲ್ಲುವುದೂ ಇಲ್ಲ. ಅಮೆರಿಕದಲ್ಲಿ ವಲಸೆ ಕಡಿಮೆಯಾಗಬೇಕು ಎಂದವರು ಗ್ಯಾಲಪ್ ಸಂಸ್ಥೆಯ 2024ರ ಸಮೀಕ್ಷೆಯಲ್ಲಿ ಶೇ. 55 ಇದ್ದರು. ಹೊಸ ಸರ್ಕಾರ ಬಂದು ಬಂಧನ, ಗಡೀಪಾರುಗಳು ಬಿರುಸಾದ ಮೇಲೆ, 2025ರಲ್ಲಿ, ಅವರು ಶೇ. 30ಕ್ಕೆ ಇಳಿದರು, ವಲಸೆ ದೇಶಕ್ಕೆ ಒಳ್ಳೆಯದು ಎನ್ನುವವರು ಶೇ. 79 ಆದರು. ಸರ್ಕಾರ ಒಂದು ಕಡೆಗೆ ವಾಲಿದರೆ ಜನ ಇನ್ನೊಂದು ಕಡೆಗೆ ವಾಲುತ್ತಾರೆ. ಹಾಗಾಗಿ ನಿಮ್ಮ ಮಗ ಬಸ್ಸಿನ ನೋಟಕ್ಕೆ ಹೆದರುವುದಕ್ಕಿಂತ ತನ್ನ ಪರವಾನಗಿಯ ಅವಧಿ ಮತ್ತು ಬದಲಾಗುತ್ತಿರುವ ನಿಯಮಗಳ ಮೇಲೆ ಕಣ್ಣಿಟ್ಟಿರುವುದು ಒಳ್ಳೆಯದು, ಏಕೆಂದರೆ ಜನರ ಮನಸ್ಸು ಮರಳಿ ಮೃದುವಾದರೂ ಒಮ್ಮೆ ಬಿಗಿಯಾದ ನಿಯಮ ಅಷ್ಟು ಬೇಗ ಸಡಿಲವಾಗುವುದಿಲ್ಲ.

ಪ್ರಶ್ನೆ: ಪತ್ರಿಕೆಗಳಲ್ಲಿ ಪಾಪ್ಯುಲಿಸಂ ಎಂಬ ಮಾತು ಪದೇ ಪದೇ ಬರುತ್ತದೆ. ಇದು ನಮ್ಮ ಉಚಿತ ಕೊಡುಗೆಗಳ ರಾಜಕಾರಣವೇ? ಇದಕ್ಕೂ ವಲಸೆಗೂ ಏನು ಸಂಬಂಧ?
– ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ಬಜೆಟ್ಟಿನ ಮರುದಿನ ನಮ್ಮ ಪತ್ರಿಕೆಗಳು ಬರೆಯುವ ‘ಜನಪ್ರಿಯ ಯೋಜನೆ’ ಬೇರೆ, ಇದು ಬೇರೆ. ರಾಜಕೀಯ ಶಾಸ್ತ್ರದಲ್ಲಿ ಈ ಶಬ್ದಕ್ಕಿರುವ ಅರ್ಥ, ಸಮಾಜದಲ್ಲಿ ಇರುವುದು ಎರಡೇ ಗುಂಪು, ಒಂದು ಕಡೆ ನಿಷ್ಕಳಂಕವಾದ ‘ನಿಜವಾದ ಜನ’, ಇನ್ನೊಂದು ಕಡೆ ಅವರನ್ನು ವಂಚಿಸುವ ಮೇಲಿನವರು, ಮತ್ತು ಆ ಜನರ ಪರವಾಗಿ ಮಾತಾಡಬಲ್ಲವನು ನಾನೊಬ್ಬನೇ ಎಂಬ ವಾದ. ಕೆಲವರು ಕನ್ನಡದಲ್ಲಿ ಇದನ್ನು ‘ಜನಮರುಳು’ ಎಂದು ಕರೆಯುವುದು ನನಗೆ ಸರಿಕಾಣುವುದಿಲ್ಲ. ಜನ ಮರುಳೋ ಜಾತ್ರೆ ಮರುಳೋ ಎಂಬ ಗಾದೆಯನ್ನು ಮಾರಿಕಾಂಬೆಯ ಜಾತ್ರೆ ನಡೆಸುವ ಊರಿನವರ ಮುಂದೆ ಹೇಳುವ ಧೈರ್ಯವೂ ನನಗಿಲ್ಲ.

ಹೆಸರು ಹುಟ್ಟಿದ್ದು ರೈತರ ಚಳವಳಿಯಿಂದ. ಅಮೆರಿಕದ ಪೀಪಲ್ಸ್ ಪಾರ್ಟಿ 1892ರಲ್ಲಿ ಒಮಾಹಾ ನಗರದಲ್ಲಿ ಸಮಾವೇಶ ನಡೆಸಿ, ರೈಲ್ವೆ ಕಂಪನಿಗಳು ಮತ್ತು ಬ್ಯಾಂಕುಗಳು ಬೆಳೆಗಾರನನ್ನು ಹಿಂಡುತ್ತಿವೆ ಎಂದು ಘೋಷಿಸಿತು. ಮಂಡಿಯ ದರ ನೋಡಿ ನಿಟ್ಟುಸಿರಿಟ್ಟ ಯಾವ ಬೆಳೆಗಾರನೂ ಆ ದೂರನ್ನು ತಳ್ಳಿಹಾಕಲಾರ. ಆದರೆ ಅದೇ ಸಮಾವೇಶದ ನಿರ್ಣಯಗಳಲ್ಲಿ, ಹೊರದೇಶದ ದಟ್ಟದರಿದ್ರರಿಗೂ ಅಪರಾಧಿಗಳಿಗೂ ಬಂದರು ತೆರೆದಿಟ್ಟು ನಮ್ಮ ಕೂಲಿಗಾರರನ್ನು ಹೊರದಬ್ಬಲಾಗುತ್ತಿದೆ ಎಂಬ ಸಾಲೂ ಇತ್ತು. ನೀವು ಕೇಳಿದ ಸಂಬಂಧ ಇರುವುದು ಇಲ್ಲೇ. ಮೇಲಿನವರು ಕೈಗೆ ಸಿಗುವುದಿಲ್ಲ. ಅವರು ಕರೆಸಿಕೊಂಡರು ಎನ್ನಲಾದ ಹೊರಗಿನವನು ಬೀದಿಯಲ್ಲೇ ಸಿಗುತ್ತಾನೆ. ಎಷ್ಟು ಜನ ಬರಬಹುದು ಎಂಬುದು ಲೆಕ್ಕದ ಪ್ರಶ್ನೆ, ಯಾವ ಸರ್ಕಾರವಾದರೂ ಉತ್ತರಿಸಬೇಕಾದದ್ದು. ಅದನ್ನು ‘ಯಾರು ನಮ್ಮವರು’ ಎಂಬ ಪ್ರಶ್ನೆಯಾಗಿ ಮಾರ್ಪಡಿಸುವುದು ಈ ರಾಜಕಾರಣದ ಕಸುಬು.

ಪ್ರಶ್ನೆ: ಬೈತಖೋಲ ಬಂದರಿನ ಬೋಟುಗಳಲ್ಲಿ ಈಗ ಒಡಿಶಾ, ಜಾರ್ಖಂಡದ ಹುಡುಗರೇ ಹೆಚ್ಚು. ನಮ್ಮವರಿಗೆ ಕೆಲಸವಿಲ್ಲ. ಸಭೆಯಲ್ಲಿ ಯಾರಾದರೂ ‘ಹೊರಗಿನವರನ್ನು ಕಳಿಸಿ’ ಎಂದರೆ ಚಪ್ಪಾಳೆ ಬೀಳುತ್ತದೆ, ನಾನೂ ತಟ್ಟಿದ್ದೇನೆ. ಇದು ತಪ್ಪೇ?
– ಓದುಗರೊಬ್ಬರು, ಕಾರವಾರ

ಉತ್ತರ: ಚಪ್ಪಾಳೆ ತಟ್ಟಿದ್ದನ್ನು ಮುಚ್ಚಿಡದೆ ಬರೆದಿದ್ದೀರಿ, ಅದಕ್ಕೆ ವಂದನೆ. ಮೊದಲು ಕಾನೂನಿನ ಮಾತು ಮುಗಿಸುತ್ತೇನೆ. ಆ ಹುಡುಗರು ವಿದೇಶೀಯರಲ್ಲ. ದೇಶದೊಳಗೆ ಎಲ್ಲಿಯಾದರೂ ಸಂಚರಿಸುವ, ನೆಲೆಸುವ, ದುಡಿಯುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಅವರಿಗೂ ಕೊಟ್ಟಿದೆ. ಖಾಸಗಿ ಉದ್ಯೋಗಗಳಲ್ಲಿ ಶೇ. 75ನ್ನು ಸ್ಥಳೀಯರಿಗೆ ಮೀಸಲಿಟ್ಟ ಹರಿಯಾಣದ ಕಾಯಿದೆಯನ್ನು ಅಲ್ಲಿನ ಹೈಕೋರ್ಟು 2023ರ ನವೆಂಬರಿನಲ್ಲಿ ರದ್ದುಪಡಿಸಿತು. ನಮ್ಮ ರಾಜ್ಯದ ಸಂಪುಟವೂ 2024ರ ಜುಲೈನಲ್ಲಿ ಅಂತಹ ಮಸೂದೆಯೊಂದಕ್ಕೆ ಒಪ್ಪಿಗೆ ಕೊಟ್ಟು, ಉದ್ಯಮಿಗಳು ಗದ್ದಲ ಎಬ್ಬಿಸಿದ ಕೂಡಲೇ ತಡೆಹಿಡಿಯಿತು.

ನಿಮ್ಮ ದೂರಿನಲ್ಲಿ ಹುರುಳಿಲ್ಲ ಎಂದು ಮಾತ್ರ ನಾನು ಹೇಳುವುದಿಲ್ಲ. ಕಳೆದ ಮಳೆಗಾಲ, ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿಯಲು ನಾಲ್ಕು ದಿನವಿದ್ದಾಗ, ಬೈತಖೋಲದ ಧಕ್ಕೆಯಲ್ಲಿ ನಾನು ಒಂದು ಗಂಟೆ ನಿಂತಿದ್ದೆ. ತಾಡಪತ್ರಿಯ ಕೆಳಗೆ ಏಳು ಜನ ಬಲೆ ಹರಡಿಕೊಂಡು ಕೂತಿದ್ದರು. ಆರು ಹುಡುಗರು ಒಡಿಯಾದಲ್ಲಿ ಮಾತಾಡುತ್ತಿದ್ದರು, ಏಳನೆಯವನು ಇಲ್ಲಿಯವನೇ ಆದ, ಬೋಟು ನಡೆಸುವ ವಯಸ್ಸಾದ ತಾಂಡೇಲ, ಬಲೆಯ ಹರಿದ ಕಣ್ಣುಗಳನ್ನು ಬೆರಳಿನಿಂದ ತೋರಿಸುತ್ತ ಕೊಂಕಣಿಯಲ್ಲಿ ಗದರುತ್ತಿದ್ದ. ಅವನ ಮಗ ಎಲ್ಲಿ ಎಂದು ಕೇಳಿದೆ. ಗೋವಾದ ಹೋಟೆಲಿನಲ್ಲಿ ಎಂದ. ಅಲ್ಲಿ ಹನ್ನೆರಡು ತಿಂಗಳೂ ಸಂಬಳ ಬರುತ್ತದೆ, ಇಲ್ಲಿ ಎರಡು ತಿಂಗಳು ಕೈ ಖಾಲಿ ಎಂಬುದು ಅವನ ಲೆಕ್ಕ. ಹೊರಗಿನವರು ಬಂದದ್ದರಿಂದ ನಮ್ಮವರು ಹೋದರೋ, ನಮ್ಮವರು ಹೋದದ್ದರಿಂದ ಹೊರಗಿನವರು ಬಂದರೋ ಎಂಬುದನ್ನು ಒಂದೊಂದು ಬೋಟಿನ ಲೆಕ್ಕ ಹಿಡಿದು ಕೇಳಬೇಕು. ಸಭೆಯಲ್ಲಿ ಅದಕ್ಕೆ ಪುರುಸೊತ್ತಿರುವುದಿಲ್ಲ.

ಹೊರಗಿನವರಿಂದ ಕೂಲಿ ಇಳಿಯುತ್ತದೆಯೇ ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರೇ ಇನ್ನೂ ಜಗಳವಾಡುತ್ತಿದ್ದಾರೆ. 1980ರಲ್ಲಿ ಕ್ಯೂಬಾದಿಂದ ಸುಮಾರು 1,25,000 ಜನ ಕೆಲವೇ ತಿಂಗಳುಗಳಲ್ಲಿ ದೋಣಿಗಳಲ್ಲಿ ಅಮೆರಿಕಕ್ಕೆ ಬಂದು, ಅವರಲ್ಲಿ ಬಹಳ ಮಂದಿ ಮಯಾಮಿಯಲ್ಲಿ ಉಳಿದರು. ನಗರದ ದುಡಿಯುವವರ ಸಂಖ್ಯೆ ಒಮ್ಮೆಲೇ ಶೇ. 7ರಷ್ಟು ಏರಿತು. ಕೂಲಿಯ ಮೇಲೆ ಪರಿಣಾಮವೇ ಇಲ್ಲವೆಂದು ಒಂದು ಅಧ್ಯಯನ ಹೇಳಿದರೆ, ಹೈಸ್ಕೂಲು ಮುಗಿಸದವರ ಕೂಲಿ ಬಲವಾಗಿ ಕುಸಿಯಿತೆಂದು ಅದೇ ಊರಿನ ಅಂಕಿಗಳನ್ನಿಟ್ಟುಕೊಂಡು ಇನ್ನೊಂದು ಹೇಳಿತು. ಪೆಟ್ಟು ಬಿದ್ದರೆ ಅದು ಬೀಳುವುದು ಅದೇ ಕೆಲಸವನ್ನು ಅದೇ ಕೈಗಳಿಂದ ಮಾಡುವವನಿಗೆ, ಭಾಷಣ ಮಾಡುವವನಿಗಲ್ಲ. ಆದ್ದರಿಂದ ಬೋಟಿನಲ್ಲಿ ದುಡಿಯುವ ಖಲಾಸಿಯ ಪಾಲೆಷ್ಟು, ಮುಂಗಡವೆಷ್ಟು, ನಿಷೇಧದ ಎರಡು ತಿಂಗಳಲ್ಲಿ ಅವನ ಗತಿಯೇನು ಎಂದು ಬೋಟಿನ ಮಾಲೀಕರನ್ನು ಕೇಳಿ. ಆ ಪ್ರಶ್ನೆಗೆ ಚಪ್ಪಾಳೆ ಬಿದ್ದರೆ ನಾನೂ ತಟ್ಟುತ್ತೇನೆ.

ಇನ್ನು ‘ಹೊರಗಿನವರು’ ಎಂಬ ಶಬ್ದ. ಗೋವಾ ಗಡಿಯ ಪೋಳೆಂ ತನಿಖಾ ಠಾಣೆ ದಾಟಿದೊಡನೆ ತಾಂಡೇಲನ ಮಗನೇ ಹೊರಗಿನವನು. ಕರ್ನಾಟಕದಿಂದ ಹೋದವರನ್ನು ಗೋವಾದಲ್ಲಿ ‘ಘಾಂಟಿ’ ಎಂದು ಹೀಗಳೆಯುವುದು ನಿಮಗೆ ಗೊತ್ತಿರುವ ವಿಷಯ. ಗೋವಾ ವಿಮೋಚನೆಯಾದ 1961ರ ಡಿಸೆಂಬರಿಗಿಂತ ಮೊದಲು ತಂದೆತಾಯಿಯೋ ಅಜ್ಜ ಅಜ್ಜಿಯೋ ಅಲ್ಲಿ ಹುಟ್ಟಿದ್ದರೆ ಅಂಥವರನ್ನಷ್ಟೇ ಮೂಲ ಗೋವನ್ನರೆಂದು ಗುರುತಿಸುವ ಕಾಯಿದೆ ಬೇಕೆಂಬ ರೆವಲ್ಯೂಷನರಿ ಗೋವನ್ಸ್ ಪಕ್ಷ 2022ರಲ್ಲಿ ವಿಧಾನಸಭೆಯ ಒಂದು ಸ್ಥಾನವನ್ನೂ ಗೆದ್ದಿತು. ಅದಕ್ಕಿಂತ ಹಿಂದೆ, 1966ರಲ್ಲಿ ಮುಂಬೈಯಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಗುರಿ ದಕ್ಷಿಣದಿಂದ ಬಂದ ಗುಮಾಸ್ತರು, ಟೈಪಿಸ್ಟರು ಮತ್ತು ಉಡುಪಿ ಹೋಟೆಲಿನವರು. ಆಗ ಮುಂಬೈಯ ಖೋಲಿಗಳಲ್ಲಿದ್ದ ನಮ್ಮ ಜಿಲ್ಲೆಯವರು ಮನೆಗೆ ಬರೆದ ಕಾಗದಗಳು ಈಗಲೂ ಕೆಲವರ ಟ್ರಂಕಿನಲ್ಲಿರಬಹುದು.

ಪ್ರಶ್ನೆ: ಮುಂಡಗೋಡದ ಟಿಬೆಟನ್ನರೂ ವಲಸಿಗರೇ ತಾನೇ? ಅವರ ವಿರುದ್ಧ ನಮ್ಮಲ್ಲಿ ಅಂತಹ ಕೂಗು ಏಳಲಿಲ್ಲವೇಕೆ?
– ಪದವಿ ವಿದ್ಯಾರ್ಥಿನಿ, ಹೊನ್ನಾವರ

ಉತ್ತರ: ಅವರು ನಿರಾಶ್ರಿತರು, ಮುಂಡಗೋಡದ ಶಿಬಿರ ಆರಂಭವಾದದ್ದು 1966ರಲ್ಲಿ, ಅಂದಿನ ಮೈಸೂರು ಸರ್ಕಾರ ಕೊಟ್ಟ ಜಮೀನಿನಲ್ಲಿ. ಎಲ್ಲಿ, ಎಷ್ಟು ಎಂಬುದನ್ನು ಸರ್ಕಾರ ಮೊದಲೇ ನಿಗದಿಮಾಡಿತ್ತು, ಅಂದರೆ ದಣಪೆಯ ಗಳವನ್ನು ನಾವೇ ಸರಿಸಿದ್ದೆವು. ಆದರೆ ಆ ಸೌಹಾರ್ದದ ಇನ್ನೊಂದು ಮುಖವೂ ಇದೆ: ಕಾನೂನಿನ ಕಣ್ಣಿನಲ್ಲಿ ಅವರಲ್ಲಿ ಹೆಚ್ಚಿನವರು ಇಂದಿಗೂ ವಿದೇಶೀಯರು, ನೋಂದಣಿ ಪ್ರಮಾಣಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕಾದವರು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕಿಂತ ಮೊದಲು ಭಾರತದಲ್ಲಿ ಹುಟ್ಟಿದವರು ಪೌರತ್ವ ಕಾಯಿದೆಯಂತೆ ಹುಟ್ಟಿನಿಂದಲೇ ಭಾರತೀಯರು, ಮತ್ತು ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು ಕರ್ನಾಟಕ ಹೈಕೋರ್ಟು 2013ರಲ್ಲಿ ಹೇಳಿದೆ. ಆದರೂ ಪಾಸ್‌ಪೋರ್ಟ್ ಬೇಕೆಂದವರು ನೋಂದಣಿ ಪತ್ರ ಒಪ್ಪಿಸಬೇಕು, ಶಿಬಿರ ಬಿಟ್ಟು ಹೋಗಬೇಕು ಎಂಬ ಷರತ್ತುಗಳನ್ನು ಕೇಂದ್ರ ಸರ್ಕಾರ 2017ರಲ್ಲಿ ಹಾಕಿತು. ಆ ಷರತ್ತಿನಂತೆ, ಮುಂಡಗೋಡದಲ್ಲೇ ಹುಟ್ಟಿ ಬೆಳೆದು ಕಾನೂನಿನಂತೆ ಭಾರತೀಯರಾದವರೂ ಪಾಸ್‌ಪೋರ್ಟ್ ಪಡೆಯಬೇಕಾದರೆ ಮೊದಲು ತಮ್ಮ ಮನೆ ಖಾಲಿ ಮಾಡಬೇಕಿತ್ತು.